ಅಚಲವೆಂಬ ಹೆಸರು

(ಬಾನುಲಿ ಭಾಷಣ)

ಬೆಟ್ಟಕ್ಕೆ ಸಂಸ್ಕೃತದಲ್ಲಿ ಹೆಸರುಗಳು ಬಹಳ. ಗಿರಿ, ಅದ್ರಿ, ಶೈಲ, ಪರ್ವತ, ಭೂಧರ ಎಂಬವುಗಳ ಜತೆಗೆ ಅಚಲವೆಂಬುದೂ ಒಂದು, ನಗವೆಂಬುದು ಇನ್ನೊಂದು. ಚಲಿಸದೆ ಇರುವುದು ಅಚಲ. ಹೋಗದೆ ಇರುವುದು ನಗ. ಭೂಮಿಗೂ ಅಚಲೆ, ಸ್ಥಿರೆ ಎಂಬ ಹೆಸರುಗಳುಂಟು. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನ ತರಗತಿಗಳಲ್ಲಿ ಹಳಗನ್ನಡ ಕಾವ್ಯಗಳ ಪಾಠ ಹೇಳುತ್ತ ಈ ಶಬ್ದಗಳ ವ್ಯುತ್ಪತ್ತಿಯನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದೆನೊ ಲೆಕ್ಕವಿಲ್ಲ. ಬರೆಯುವಾಗ ಒಮ್ಮೆಯಾದರೂ ನನಗೆ ಸಂಶಯ ಹುಟ್ಟಲಿಲ್ಲ. ಹೊಳೆ ಹರಿದುಹೋದೀತು, ಮರ ಮುರಿದುಬಿದ್ದೀತು, ಮನುಷ್ಯ ಹುಟ್ಟಿ ಸತ್ತಾನು. ಬೆಟ್ಟ ಮಾತ್ರ ಇದ್ದಲ್ಲಿಯೆ ಇದ್ದೀತು ಎಂದೆ ನಂಬಿದ್ದೆ.

ನಿವೃತ್ತನಾದ ಮೇಲೆ, 2019ರ ಆಗಸ್ಟ್ ತಿಂಗಳ ಒಂದು ಮಳೆಯ ರಾತ್ರಿ, ಆ ಸಂಶಯ ಹುಟ್ಟಿತು. ಆ ರಾತ್ರಿಯ ಸಂಗತಿಗೆ ಆಮೇಲೆ ಬರುತ್ತೇನೆ. ನಾನು ವಿಜ್ಞಾನಿಯಲ್ಲ, ಕನ್ನಡದ ಮೇಷ್ಟರು. ಭೂವಿಜ್ಞಾನ ಬಲ್ಲ ಮಿತ್ರರನ್ನು ಕೇಳಿ, ಅವರು ಕೊಟ್ಟ ಪುಸ್ತಕಗಳನ್ನು ಓದಿ, ನಮ್ಮ ನಾಡಿನ ಬೆಟ್ಟಗಳನ್ನು ಎರಡನೆಯ ಸಲ ನೋಡಿ ತಿಳಿದುಕೊಂಡಷ್ಟನ್ನು ಮೊದಲು ಹೇಳುತ್ತೇನೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತದೆ ಗಾದೆ. ಹತ್ತಿರ ಹೋಗೋಣ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಹೆಸರಿನ ಗೋಪುರವನ್ನು ಹೊತ್ತು ಕುಳಿತಿರುವ ಬಂಡೆಯನ್ನು ನೀವು ನೋಡಿರಬಹುದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ನೈಸ್ ಎಂಬ ಜಾತಿಯ ಶಿಲೆ ಅದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಇಷ್ಟು ಹಳೆಯದಾದ, ಇಷ್ಟು ಗಟ್ಟಿಯಾದ ಬಂಡೆಯಾದರೂ ಹಾಗೆಯೆ ಇದೆಯೆ? ಬಗ್ಗಿ ನೋಡಿದರೆ ಅಲ್ಲಲ್ಲಿ ಈರುಳ್ಳಿಯ ಸಿಪ್ಪೆಯಂತೆ ಹಾಳೆಹಾಳೆಯಾಗಿ ಕಳಚಿಕೊಂಡಿರುವುದು ಕಾಣುತ್ತದೆ. ಇಂಥ ಶಿಲೆ ಹುಟ್ಟುವುದು ನೆಲದ ಮೇಲಲ್ಲ, ಮೈಲಿಗಟ್ಟಲೆ ಆಳದಲ್ಲಿ, ಅಪಾರವಾದ ಭಾರದ ಕೆಳಗೆ. ಮೇಲಿನ ಹೊರೆಯೆಲ್ಲ ಯುಗಯುಗಗಳಲ್ಲಿ ಸವೆದುಹೋದಾಗ ಅದುಮಿಟ್ಟಿದ್ದ ಕಲ್ಲು ಕೊಂಚ ಹಿಗ್ಗುತ್ತದೆ. ಹಿಗ್ಗಿದಾಗ ಮೇಲ್ಮೈಗೆ ಸಮಾನಾಂತರವಾಗಿ ಬಿರಿಯುತ್ತದೆ. ಬಿಸಿಲಿನ ಕಾವು, ಇರುಳಿನ ತಂಪು, ಮಳೆಯ ನೀರು ಆ ಬಿರುಕನ್ನು ಹಿಗ್ಗಲಿಸುತ್ತವೆ.

ನಮ್ಮ ಕಲ್ಲು ಕೆಲಸದವರು ಇದನ್ನು ಪುಸ್ತಕ ಓದದೆಯೆ ಬಲ್ಲರು. ಬೆಂಗಳೂರಿನ ಸುತ್ತಣ ಕಲ್ಲುಗಣಿಗಳಲ್ಲಿ ಹಿಂದೆ ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕುತ್ತಿದ್ದರು. ಬೆಂಕಿಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತ ಹೋಗುವರು. ಸದ್ದು ಟೊಳ್ಳಾದರೆ ಪದರ ಎದ್ದಿತೆಂದು ಅರ್ಥ. ಮನೆಯ ಮಾಳಿಗೆಗೂ ಅಂಗಳಕ್ಕೂ ಹಾಸಿದ ಚಪ್ಪಡಿಗಳು ಹಾಗೆ ಎದ್ದು ಬಂದವು. ಸೂರ್ಯನೂ ಮಳೆಯೂ ನಿಧಾನವಾಗಿ ಮಾಡುವುದನ್ನು ಅವರು ಒಂದು ದಿನದಲ್ಲಿ ಮಾಡುತ್ತಿದ್ದರು ಅಷ್ಟೆ.

ಕಲ್ಲು ಸೀಳುವುದು ಒಂದು ಬಗೆ. ಕರಗುವುದು ಇನ್ನೊಂದು ಬಗೆ. ಕಲ್ಲು ಕರಗಿದರೂ ಅವನ ಮನಸ್ಸು ಕರಗದು ಎಂದು ಕಠಿಣ ಹೃದಯದವನನ್ನು ಕುರಿತು ಆಡಿಕೊಳ್ಳುತ್ತೇವಷ್ಟೆ. ಕಲ್ಲು ನಿಜವಾಗಿ ಕರಗುತ್ತದೆ. ಗ್ರಾನೈಟಿನ ಒಂದು ಚೂರನ್ನು ಕೈಯಲ್ಲಿ ಹಿಡಿದು ನೋಡಿ. ಗಾಜಿನಂತೆ ಹೊಳೆಯುವ ಬೆಣಚು, ಬಿಳುಪೊ ನಸುಗೆಂಪೊ ಬಣ್ಣದ ಫೆಲ್ಡ್‌ಸ್ಪಾರ್, ಮಿಣಮಿಣನೆ ಮಿನುಗುವ ಕಾಗೆಬಂಗಾರ, ಈ ಮೂರು ಅದರಲ್ಲಿ ಕಾಣುತ್ತವೆ. ಮಳೆಯ ಹನಿ ಆಕಾಶದಿಂದ ಇಳಿಯುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ಕೂಡಿಸಿಕೊಂಡು ಬಹು ಸೌಮ್ಯವಾದ ಆಮ್ಲವಾಗುತ್ತದೆ. ಕೊಳೆತ ಎಲೆ ಬೇರುಗಳ ನಡುವೆ ಇಳಿಯುವಾಗ ಅದರ ಹುಳಿ ಇನ್ನಷ್ಟು ಹೆಚ್ಚುತ್ತದೆ. ಈ ಹುಳಿನೀರು ಫೆಲ್ಡ್‌ಸ್ಪಾರನ್ನು ಮೆತ್ತಗೆ ಮಾಡಿ ಜೇಡಿಯಾಗಿಸುತ್ತದೆ. ಬೆಣಚು ಮಾತ್ರ ಜಗ್ಗದೆ ಮರಳಾಗಿ ಉಳಿಯುತ್ತದೆ. ಕುಂಬಾರನ ತಿಗರಿಯ ಮೇಲೆ ತಿರುಗುವ ಜೇಡಿ, ಹೊಳೆಯ ದಂಡೆಯ ಮರಳು ಇವೆರಡೂ ಒಂದು ಕಾಲಕ್ಕೆ ಒಂದೆ ಬಂಡೆಯ ಒಡಲಲ್ಲಿ ಒಟ್ಟಿಗೆ ಇದ್ದಿರಬಹುದು.

ಹಂಪೆಗೊ ರಾಮನಗರಕ್ಕೊ ಹೋದವರು ಕೇಳುವ ಪ್ರಶ್ನೆಯೊಂದುಂಟು: ಈ ಗುಂಡುಗಳನ್ನು ಇಲ್ಲಿ ಒಟ್ಟಿದವರಾರು? ಒಟ್ಟಿದವರು ಯಾರೂ ಇಲ್ಲ. ಬಂಡೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿದ್ದು ಅದು ಚೌಕಚೌಕವಾದ ದಿಮ್ಮಿಗಳಾಗಿತ್ತು. ಇದು ನೆಲದ ಒಳಗಿನ ಮಾತು. ಬಿರುಕುಗಳಲ್ಲಿ ನೀರು ಇಳಿಯಿತು. ಬೆಲ್ಲದ ಅಚ್ಚೊಂದನ್ನು ನೀರಿನಲ್ಲಿ ಬಿಟ್ಟು ನೋಡಿದವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಅಚ್ಚಿನ ಮೂಲೆಯನ್ನು ನೀರು ಮೂರು ಕಡೆಯಿಂದ ತಿನ್ನುತ್ತದೆ, ಅಂಚನ್ನು ಎರಡು ಕಡೆಯಿಂದ, ಮುಖವನ್ನು ಒಂದೆ ಕಡೆಯಿಂದ. ಆದುದರಿಂದ ಮೂಲೆ ಮೊದಲು ಕರಗಿ ಅಚ್ಚು ಉಂಡೆಯಾಗುತ್ತದೆ. ಕಲ್ಲೂ ಹಾಗೆ ನೆಲದೊಳಗೆ ದುಂಡಗಾಯಿತು. ಸುತ್ತಣ ಕೊಳೆತ ಮಣ್ಣನ್ನು ಮಳೆ ತೊಳೆದುಕೊಂಡು ಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಕುಳಿತು ಹೊರಗೆ ಕಂಡವು. ನಾವು ನೋಡುತ್ತಿರುವುದು ಯಾರೊ ಪೇರಿಸಿದ ರಾಶಿಯನ್ನಲ್ಲ, ಉಳಿದುಕೊಂಡ ಶೇಷವನ್ನು.

ಒಣಹವೆಯ ಬಯಲುಸೀಮೆಯಲ್ಲಿ ಬರಿಬಂಡೆ ಸವೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೆ ಮೀಟರುಗಳಷ್ಟು. ಮಲೆನಾಡಿನ ಕತೆ ಬೇರೆ. ಆಗುಂಬೆಯಂಥ ಕಡೆ ವರ್ಷಕ್ಕೆ 7 ಸಾವಿರ ಮಿಲಿಮೀಟರಿನಷ್ಟು ಮಳೆ. ಅದರ ಜತೆಗೆ ಬಿಸಿ, ಅದರ ಜತೆಗೆ ಕಾಡಿನ ಕೊಳೆ. ಅಲ್ಲಿ ಕಲ್ಲು ಹತ್ತಾರು ಅಡಿ ಆಳದವರೆಗೆ ಕೊಳೆತುಬಿಡುತ್ತದೆ. ಹೊಸದಾಗಿ ಕಡಿದ ರಸ್ತೆಯ ಪಕ್ಕದಲ್ಲಿ ನಿಂತರೆ ಈ ಕೊಳೆಯುವಿಕೆಯ ಮೆಟ್ಟಿಲುಗಳೆಲ್ಲ ಕಾಣುತ್ತವೆ. ಮೇಲೆ ಬೇರು ಹೆಣೆದ ಕಪ್ಪುಮಣ್ಣು. ಅದರ ಕೆಳಗೆ ಕೆಂಪು. ಹಲವು ಕಡೆ ಅದರ ಅಡಿಯಲ್ಲಿ ಜಂಬಿಟ್ಟಿಗೆ. ಅದಕ್ಕೂ ಕೆಳಗೆ ಬಿಳಿ, ಹಳದಿ, ನೇರಳೆ ಬಣ್ಣ ಬೆರೆತ ನುಣುಪಾದ ಮಣ್ಣು, ಕರಾವಳಿಯವರು ಶೇಡಿಮಣ್ಣು ಎನ್ನುವುದು ಇದನ್ನೆ. ಇನ್ನೂ ಕೆಳಗೆ, ನೋಟಕ್ಕೆ ಕಲ್ಲು, ಉಗುರಿನಿಂದ ಕೆರೆದರೆ ಮಣ್ಣು. ಕೊನೆಗೆ ನಿಜವಾದ ಬಂಡೆ.

ಜಂಬಿಟ್ಟಿಗೆಯ ವಿಷಯದಲ್ಲಿ ಒಂದು ಮಾತು. 1800ರಿಂದ 1801ರವರೆಗೆ ಮೈಸೂರು, ಕನ್ನಡಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ; 1807ರಲ್ಲಿ ಅಚ್ಚಾದ ಅವನ ಪುಸ್ತಕದ ಮೂಲಕ ಆ ಹೆಸರು ಲೋಕದಲ್ಲೆಲ್ಲ ನಿಂತಿತು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಮೂಲವಾದುದು ಇಟ್ಟಿಗೆ ಎಂಬರ್ಥದ ಮಾತು. ಈ ಕಡೆಯ ಜನ ಅದನ್ನು ಇಟ್ಟಿಗೆಕಲ್ಲು ಎನ್ನುವುದನ್ನು ಬುಕಾನನ್ ಕೇಳಿದ್ದ, ಬರೆದುಕೊಂಡೂ ಇದ್ದ. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಶಬ್ದವೊಂದರ ಹಿಂದೆ ನಮ್ಮ ಕಲ್ಲು ಕಡಿಯುವವರ ಮಾತಿದೆ ಎಂಬುದು ಕನ್ನಡದ ಮೇಷ್ಟರಿಗೆ ಸಂತೋಷ ಕೊಡುವ ವಿಚಾರ.

ಈಗ ಇಳಿಜಾರಿನ ಮಾತಿಗೆ ಬರೋಣ. ಕೊಳೆತ ಕಲ್ಲು ಮಣ್ಣಾಯಿತು. ಮಣ್ಣು ಬೆಟ್ಟದ ಮೈಮೇಲೆ ಕುಳಿತಿದೆ. ಅದು ಜಾರದೆ ಕುಳಿತಿರುವುದಾದರೂ ಹೇಗೆ? ಸುಗ್ಗಿಯ ಕಣವನ್ನು ನೆನೆದುಕೊಳ್ಳಿ. ಮೊರದಿಂದ ರಾಗಿಯನ್ನು ಒಂದೆ ಕಡೆ ಸುರಿಯುತ್ತ ಹೋದರೆ ರಾಶಿ ಬೆಳೆಯುತ್ತದೆ, ಆದರೆ ಅದರ ಓರೆ ಮಾತ್ರ ಬದಲಾಗುವುದಿಲ್ಲ. ಇನ್ನಷ್ಟು ಸುರಿದರೆ ಕಾಳು ಜಾರಿ ಬುಡವನ್ನು ಅಗಲ ಮಾಡುತ್ತದೆಯೆ ಹೊರತು ರಾಶಿ ಕಡಿದಾಗುವುದಿಲ್ಲ. ಪ್ರತಿಯೊಂದು ಸಡಿಲ ಪದಾರ್ಥಕ್ಕೂ ಅದು ನೆಮ್ಮದಿಯಿಂದ ಕೂರಬಲ್ಲ ಓರೆಯೊಂದುಂಟು. ಇನ್ನು ರಾಶಿಯ ಬುಡದಿಂದ ಒಂದು ಬೊಗಸೆ ರಾಗಿ ತೆಗೆಯಿರಿ. ಕುಸಿಯುವುದು ತೆಗೆದ ಜಾಗವಲ್ಲ. ನೆತ್ತಿಯ ಕಾಳು ಇಳಿದುಬರುತ್ತದೆ. ಬೆಟ್ಟದ ವಿಷಯದಲ್ಲಿ ತಿಳಿಯಬೇಕಾದ ಮಾತುಗಳಲ್ಲಿ ಅರ್ಧ ಇಷ್ಟರಲ್ಲಿಯೆ ಇದೆ.

ಉಳಿದರ್ಧ ನೀರಿನದು. ಮಕ್ಕಳು ಒದ್ದೆ ಮರಳನ್ನು ಪಾದದ ಮೇಲೆ ತಟ್ಟಿ, ಮೆಲ್ಲನೆ ಕಾಲನ್ನು ಹಿಂದೆಗೆದು ಗುಬ್ಬಚ್ಚಿಯ ಗೂಡು ಮಾಡುತ್ತಾರೆ. ಒಣ ಮರಳಿನಲ್ಲಿ ಗೂಡು ನಿಲ್ಲದು. ನೀರು ಹೆಚ್ಚಾದರೂ ನಿಲ್ಲದು. ಕೊಂಚ ತೇವ ಕಣಕಣವನ್ನು ಅಂಟಿಸುತ್ತದೆ. ಆದರೆ ಕಣಗಳ ನಡುವಣ ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಆ ನೀರು ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಒಂದಕ್ಕೊಂದು ಊರಿಕೊಂಡು ನಿಂತಿದ್ದ ಹಿಡಿತ ತಪ್ಪುತ್ತದೆ. ಮಣ್ಣು ಭಾರವೂ ಆಗುತ್ತದೆ, ದುರ್ಬಲವೂ ಆಗುತ್ತದೆ. ಶೇಡಿಮಣ್ಣು ಇದಕ್ಕೆ ಒಳ್ಳೆಯ ಉದಾಹರಣೆ: ಬೇಸಗೆಯಲ್ಲಿ ಗುದ್ದಲಿಗೂ ಬಗ್ಗದಷ್ಟು ಗಟ್ಟಿ, ಮಳೆಗಾಲದಲ್ಲಿ ನೀರು ಕುಡಿದು ತುಂಬಿದರೆ ಕೆಸರು.

ಬೆಟ್ಟ ಚಲಿಸುವ ಬಗೆಗಳನ್ನು ವಿಜ್ಞಾನಿಗಳು ವಿಂಗಡಿಸಿದ್ದಾರೆ. ನಮ್ಮ ಭಾಷೆ ಅದನ್ನು ಮೊದಲೆ ವಿಂಗಡಿಸಿಟ್ಟಿದೆ. ಕಲ್ಲು ಉರುಳುತ್ತದೆ. ಮಣ್ಣಿನ ಗಡ್ಡೆ ಇದ್ದಹಾಗೆಯೆ ಜಾರುತ್ತದೆ. ನಿಂತ ನೆಲ ಕುಸಿಯುತ್ತದೆ. ಕೆಸರು ಹರಿಯುತ್ತದೆ. ಇವೆಲ್ಲಕ್ಕಿಂತ ನಿಧಾನವಾದುದು ಸರಿಯುವುದು. ಇಳಿಜಾರಿನಲ್ಲಿ ಬೆಳೆದ ಮರ ಬುಡದಲ್ಲಿ ಕುಡುಗೋಲಿನಂತೆ ಬಾಗಿ ಮೇಲೆ ನೆಟ್ಟಗಾಗಿರುವುದನ್ನು ನೀವು ಕಂಡಿರಬಹುದು. ಮಣ್ಣು ವರ್ಷಕ್ಕೆ ಕೂದಲೆಳೆಯಷ್ಟೊ ಬೆರಳಿನ ಗೆರೆಯಷ್ಟೊ ಕೆಳಕ್ಕೆ ಸರಿಯುತ್ತಿದ್ದರೆ ಗಿಡ ಓರೆಯಾಗುತ್ತದೆ. ಆದರೆ ಅದು ಬೆಳಕಿನ ಕಡೆಗೆ ಮತ್ತೆ ನೇರವಾಗುತ್ತದೆ. ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವ ಮಣ್ಣು, ಎರೆಹುಳು, ದನದ ಗೊರಸು, ಸತ್ತ ಬೇರಿನ ಪೊಳ್ಳು ಎಲ್ಲವೂ ಅದನ್ನು ಕೆಳಮುಖವಾಗಿ ಒಯ್ಯುತ್ತವೆ. ನಮ್ಮ ಬೆಟ್ಟಗಳ ನೆತ್ತಿಗೆ ಆ ದುಂಡುತನ ಬಂದುದರಲ್ಲಿ ಈ ಸರಿಯುವಿಕೆಯ ಪಾಲು ದೊಡ್ಡದು.

ಈ ಚಲನೆ ಕೆಡುಕೆಂದು ತಿಳಿಯಬಾರದು. ಮಲೆನಾಡಿನಲ್ಲಿ ಭತ್ತದ ಗದ್ದೆ ಎಲ್ಲಿದೆ? ಅಡಕೆಯ ತೋಟ ಎಲ್ಲಿದೆ? ಕಣಿವೆಯ ತಳದಲ್ಲಿ. ಅಲ್ಲಿಯ ಮಣ್ಣು ಅಲ್ಲಿ ಹುಟ್ಟಿದ್ದಲ್ಲ. ಬೆಟ್ಟ ಸಾವಿರಾರು ವರ್ಷ ಒಂದೊಂದು ಹಿಡಿಯಾಗಿ ಇಳಿಸಿಕೊಟ್ಟದ್ದು. ಒಂದು ಸೆಂಟಿಮೀಟರಿನಷ್ಟು ಮಣ್ಣಾಗುವುದಕ್ಕೆ ನೂರಾರು ವರ್ಷ ಬೇಕು. ನಾವು ಉಣ್ಣುವ ಅನ್ನ ಬೆಟ್ಟದ ಈ ನಿಧಾನವಾದ ದಾನ. ಬೆಟ್ಟ ಕೊಡುವುದನ್ನು ಅದು ಕೊಡುವ ವೇಗದಲ್ಲಿ ತೆಗೆದುಕೊಳ್ಳುವಷ್ಟು ತಾಳ್ಮೆ ನಮಗಿರಬೇಕು.

ನನಗೆ ಆ ತಾಳ್ಮೆ ಇರಲಿಲ್ಲ. 2017ರಲ್ಲಿ ನಿವೃತ್ತನಾಗಿ ಮಲೆನಾಡಿನ ನಮ್ಮ ಹಳೆಯ ಮನೆಗೆ ಮರಳಿದೆ. ಮನೆಯ ಹಿಂದೆ ಧರೆ. ಬಯಲುಸೀಮೆಯವರಿಗೆ ಧರೆಯೆಂದರೆ ಭೂಮಿ. ನಮ್ಮ ಕಡೆ, ಮನೆಕಟ್ಟುವುದಕ್ಕೆ ಗುಡ್ಡವನ್ನು ಕಡಿದಾಗ ಹಿಂದೆ ಗೋಡೆಯಂತೆ ಉಳಿಯುವ ಮಣ್ಣಿಗೂ ಅದೆ ಹೆಸರು. ನನ್ನ ಅಜ್ಜ ಕಡಿಸಿದ ಧರೆ ಓರೆಯಾಗಿತ್ತು. ಅದರ ಮೈಮೇಲೆ ಹುಲ್ಲೂ ಜರೀಗಿಡವೂ ಬೆಳೆದಿದ್ದವು. ಧರೆಯ ನೆತ್ತಿಯ ಆಚೆ ಒಂದು ಅಗಳು. ಗುಡ್ಡದ ನೀರನ್ನು ತಡೆದು ಮಗ್ಗುಲಿನ ಹಳ್ಳಕ್ಕೆ ಸಾಗಿಸುವುದು ಅದರ ಕೆಲಸ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷವೂ ಅದರ ಕಸ ತೆಗೆಸದೆ ಅಜ್ಜ ಬಿತ್ತನೆಗೆ ಇಳಿಯುತ್ತಿರಲಿಲ್ಲ.

ನನಗೆ ಪುಸ್ತಕಗಳನ್ನು ಇಡಲು ಎರಡು ಕೋಣೆ ಬೇಕಾಗಿತ್ತು. ಜೆಸಿಬಿ ತರಿಸಿದೆ. ತೋಟದ ಬಸಿಗಾಲುವೆ ತೆಗೆಯುತ್ತ ನಮ್ಮಲ್ಲಿಯೆ ಮುದುಕನಾದ ಒಬ್ಬಾತ ಬಂದು ನಿಂತು, “ಸಣ್ಣಯ್ಯ, ಧರೆ ಬುಡ ಕಡೀಬ್ಯಾಡಿ. ಅದು ನಿಂತಿರೋದೆ ಕಾಲ್ ಮೇಲೆ” ಎಂದ. ನಾನು ನಕ್ಕೆ. ಅವನ ಮಾತಿನಲ್ಲಿನ ರೂಪಕವನ್ನು ಮೆಚ್ಚಿಕೊಂಡೆನೆ ಹೊರತು ಅರ್ಥವನ್ನು ಕೇಳಿಸಿಕೊಳ್ಳಲಿಲ್ಲ. ಒಂದೆ ದಿನದಲ್ಲಿ ಹದಿನೈದು ಅಡಿ ಜಾಗವಾಯಿತು. ಓರೆಯಾಗಿದ್ದ ಧರೆ ನೆಟ್ಟಗೆ ನಿಂತಿತು. ಕಡಿದ ಮಣ್ಣಿನಲ್ಲಿ ಬಿಳಿ, ನೇರಳೆ ಬಣ್ಣಗಳು ಕಂಡವು, ಚೆಲುವಾಗಿದೆ ಎಂದುಕೊಂಡೆ. ಅಗಳು ತರಗೆಲೆ ತುಂಬಿ ಮುಚ್ಚಿಹೋಗಿತ್ತು. ಅದರ ನೆನಪು ಕೂಡ ನನಗಿರಲಿಲ್ಲ.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯದರಲ್ಲಿ, 2019ರ ಆಗಸ್ಟಿನಲ್ಲಿ, ದಿನಗಟ್ಟಲೆ ಹಗಲಿರುಳು ಮಳೆ ಹಿಡಿಯಿತು. ಹೊಸ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಮರ ಉಬ್ಬಿದೆ ಎಂದುಕೊಂಡೆ. ಧರೆಯ ಮೇಲಿನ ಹಲಸಿನ ಮರ ಮನೆಯ ಕಡೆಗೆ ಬಾಗಿದಂತೆ ಕಂಡಿತು, ಗಾಳಿಯೆಂದುಕೊಂಡೆ. ಧರೆಯ ಬುಡದಲ್ಲಿ ಜಿನುಗುತ್ತಿದ್ದ ತಿಳಿನೀರು ಆ ಮಧ್ಯಾಹ್ನ ಕೆಂಪಾಯಿತು. ಮಳೆಗಾಲದಲ್ಲಿ ಯಾವ ನೀರು ಕೆಂಪಲ್ಲ ಎಂದುಕೊಂಡೆ. ಓದುವುದನ್ನೆ ವೃತ್ತಿ ಮಾಡಿಕೊಂಡಿದ್ದವನು ಕಣ್ಣೆದುರಿನ ಬರಹವನ್ನು ಓದಲಿಲ್ಲ. ರಾತ್ರಿ ಕರೆಂಟು ಹೋಗಿ ಚಳಿ ತಡೆಯದೆ ಬಚ್ಚಲೊಲೆಯ ಮುಂದೆ ಬಂದು ಕುಳಿತಿದ್ದೆ. ಅದರಿಂದಾಗಿ ಈ ಹೊತ್ತು ನಿಮ್ಮೊಡನೆ ಮಾತಾಡುತ್ತಿದ್ದೇನೆ. ಸದ್ದೇನೂ ದೊಡ್ಡದಾಗಿರಲಿಲ್ಲ, ಗಾಡಿಯಿಂದ ಮಣ್ಣು ಸುರಿದಂತೆ, ಅಷ್ಟೆ. ಲಾಟೀನು ಹಿಡಿದು ಹೋಗಿ ನೋಡಿದರೆ ಎರಡು ಕೋಣೆಗಳೂ ಅವುಗಳ ಪಕ್ಕದ ಕೊಟ್ಟಿಗೆಯೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಎರಡು ಹಸುಗಳಿದ್ದವು. ಪುಸ್ತಕಗಳಿಗೆ ನಾನು ಅಳಲಿಲ್ಲ. ಕೊರಳಿಗೆ ಹಗ್ಗ ಕಟ್ಟಿ ಆ ಜೀವಗಳನ್ನು ಅಲ್ಲಿ ನಿಲ್ಲಿಸಿದ್ದವನು ನಾನು.

ನನಗಾದುದು ಸಣ್ಣದು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಮನೆಗಳೂ ಕಾಫಿ ತೋಟಗಳೂ ಕೊಚ್ಚಿಹೋದವು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆ ಹೂತುಹೋಯಿತು. ಅಲ್ಲಿದ್ದ ಐವರು ತೀರಿಕೊಂಡರು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಗುಡ್ಡ ಜರಿದು ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಹೊಳೆಗೆ ಬಿದ್ದ ಮಣ್ಣಿನ ರಭಸಕ್ಕೆ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಹೊಡೆಯಿತು. ಕೇರಳದಿಂದ ಬಂದಿದ್ದ ಲಾರಿಯ ಚಾಲಕನ ದೇಹ ಲಾರಿಯೊಡನೆ ಹೊಳೆಯ ತಳದಲ್ಲಿ ದೊರೆತದ್ದು ಎರಡು ತಿಂಗಳಿಗೂ ಮೇಲೆ, ಸೆಪ್ಟೆಂಬರ್ 25ರಂದು. ಅದೆ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಹೊಳೆಯಾಗಿ ಹರಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಎಲ್ಲ ಕುಸಿತಕ್ಕೂ ಮನುಷ್ಯನೆ ಕಾರಣನೆಂದು ಹೇಳಿದರೆ ಅದು ಅಸತ್ಯವಾದೀತು. ಮನುಷ್ಯ ಹುಟ್ಟುವುದಕ್ಕೆ ಮುಂಚೆಯೂ ಬೆಟ್ಟಗಳು ಜರಿಯುತ್ತಿದ್ದವು. ವಯನಾಡಿನ ಕುಸಿತ ಮೊದಲಾದದ್ದು ಊರುಗಳಿಂದ ಬಹು ಮೇಲೆ. ಮಳೆಯ ರೀತಿಯೂ ಬದಲಾಗುತ್ತಿದೆ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ ಎನ್ನುತ್ತಾರೆ ವಿಜ್ಞಾನಿಗಳು, ಸುರಿದಾಗ ಒಮ್ಮೆಗೆ ಸುರಿಯುತ್ತದೆ. ಆದರೆ ಬುಡವನ್ನು ಕಡಿಯುವುದು, ನೀರಿನ ಹಾದಿಯನ್ನು ಮುಚ್ಚುವುದು, ಬೇರಿನ ಹೆಣಿಗೆಯನ್ನು ಕೀಳುವುದು ಈ ಮೂರು ನಮ್ಮ ಕೈಯಲ್ಲಿವೆ. ಬೆಟ್ಟ ತಾನಾಗಿ ಸಾವಿರ ವರ್ಷದ ಮೇಲೆ ಎಂದೊ ಮಾಡಬಹುದಾಗಿದ್ದುದನ್ನು ಮುಂದಿನ ಮಳೆಗಾಲಕ್ಕೆ ಕರೆದುತರುವವರು ನಾವು.

ಆದುದರಿಂದ ಇಳಿಜಾರಿನಲ್ಲಿ ಮನೆಯಿರುವವರಿಗೆ ನನ್ನ ಬಿನ್ನಹ ಇಷ್ಟು. ಧರೆಯ ಬುಡವನ್ನು ಕಡಿಯಬೇಡಿ. ಕಡಿಯಲೆ ಬೇಕಾದರೆ ಬಲ್ಲವರನ್ನು ಕೇಳಿ, ಓರೆಯಾಗಿ, ಮೆಟ್ಟಿಲಾಗಿ ಕಡಿಸಿ. ನೆತ್ತಿಯ ಅಗಳನ್ನು ವರ್ಷಕ್ಕೊಮ್ಮೆ ಬಿಡಿಸಿ. ಕಟ್ಟಿದ ಗೋಡೆಯಲ್ಲಿ ನೀರು ಹೊರಬರಲು ತೂತುಗಳಿರಲಿ; ನೀರಿಗೆ ದಾರಿ ಕೊಡದ ಗೋಡೆ ಎಷ್ಟು ದಪ್ಪವಿದ್ದರೂ ಸಾಲದು. ನೆಲದಲ್ಲಿ ಹೊಸ ಬಿರುಕು ಕಂಡರೆ, ಮರವೊ ಕಂಬವೊ ವಾಲಿದರೆ, ಬಾಗಿಲು ಕಾರಣವಿಲ್ಲದೆ ಬಿಗಿಯಾದರೆ, ತಿಳಿಯಾಗಿ ಜಿನುಗುತ್ತಿದ್ದ ನೀರು ಒಮ್ಮೆಲೆ ಕೆಂಪಾದರೆ ಇಲ್ಲವೆ ನಿಂತುಹೋದರೆ, ಬೆಳಗಾಗಲೆಂದು ಕಾಯಬೇಡಿ. ದನಗಳ ಹಗ್ಗ ಬಿಚ್ಚಿ, ಮನೆಯವರನ್ನು ಎಬ್ಬಿಸಿ ಹೊರಡಿ.

ಆ ಧರೆಯನ್ನು ಮತ್ತೆ ಓರೆ ಮಾಡಿಸಿದ್ದೇನೆ. ಲಾವಂಚ ನೆಟ್ಟಿದ್ದೇನೆ, ಅದರ ಬೇರು ಆಳಕ್ಕೆ ಇಳಿಯುತ್ತದೆ. ಪುಸ್ತಕಗಳು ಜಗಲಿಯ ಮೇಲಿವೆ. ಅಗಳಿನ ಕಸವನ್ನು ಮೇ ತಿಂಗಳಲ್ಲಿ ನಾನೆ ನಿಂತು ತೆಗೆಸುತ್ತೇನೆ. ತೆಗೆಯಲು ಬರುವವನು ಆ ಮುದುಕನ ಮೊಮ್ಮಗ, ಮುದುಕ ಈಗಿಲ್ಲ. ಅವನು ಹೇಳಿದ ಮಾತು ಸರಿಯಾಗಿತ್ತೆಂದು ನಾನು ಅವನೆದುರಿಗೆ ಒಪ್ಪಿಕೊಂಡಿದ್ದೆ ಎಂಬುದೊಂದೆ ನನಗುಳಿದ ಸಮಾಧಾನ. ಆಗ ಅವನು ಏನೂ ಅನ್ನಲಿಲ್ಲ. ಹಸುಗಳನ್ನು ಹೂಳುವುದಕ್ಕೆ ಗುದ್ದಲಿ ತೆಗೆದುಕೊಂಡು ಹೋದ.

ಇನ್ನೊಮ್ಮೆ ತರಗತಿಯಲ್ಲಿ ನಿಲ್ಲುವ ಅವಕಾಶ ಬಂದರೆ ಅಚಲವೆಂಬ ಶಬ್ದವನ್ನು ಕರಿಹಲಗೆಯ ಮೇಲೆ ಬರೆಯುತ್ತೇನೆ. ಚಲಿಸದಿರುವುದು ಎಂಬ ಅರ್ಥವನ್ನೂ ಬರೆಯುತ್ತೇನೆ. ಅದರ ಕೆಳಗೆ ಮಾತ್ರ ಇನ್ನೊಂದು ಸಾಲು ಸೇರಿಸುತ್ತೇನೆ: ಈ ಹೆಸರನ್ನು ಇಟ್ಟವರು ಮನುಷ್ಯರು, ಬೆಟ್ಟ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ.